ಸುರತ್ಕಲ್ಲಿನ ಉಪ್ಪುಗಾಳಿ ತಿಂದ ಅಲಾಯ್ ಚಕ್ರಗಳಿಗೆ ಪೌಡರ್ ಕೋಟಿಂಗ್: ಕೆಲಸದ ದಾಖಲೆ

ಮುಂದಿನ ಎರಡು ಟಯರುಗಳಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. 33 ಪಿಎಸ್‌ಐ ತುಂಬಿಸಿದರೆ ವಾರದೊಳಗೆ 25ಕ್ಕೆ ಇಳಿಯುತ್ತಿತ್ತು. ಪಂಕ್ಚರ್ ಇರಲಿಲ್ಲ, ವಾಲ್ವ್ ಬದಲಿಸಿಯೂ ಆಗಿತ್ತು. ಕೂಳೂರಿನ ಟಯರ್ ಅಂಗಡಿಯಲ್ಲಿ ಚಕ್ರವನ್ನು ನೀರಿನ ತೊಟ್ಟಿಗೆ ಇಳಿಸಿದಾಗ ಟಯರು ರಿಮ್ಮಿಗೆ ಕೂಡುವ ಗೆರೆಯುದ್ದಕ್ಕೂ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಟಯರ್ ಬಿಚ್ಚಿಸಿ ನೋಡಿದರೆ ಬೀಡ್ (ರಿಮ್ಮಿಗೆ ಕೂಡುವ ಟಯರಿನ ದಪ್ಪ ಅಂಚು) ಕೂರುವ ಜಾಗದಲ್ಲಿ ಪೇಂಟ್ ಉಬ್ಬಿ, ಅಡಿಯಲ್ಲಿ ಅಲ್ಯೂಮಿನಿಯಂ ಬಿಳಿ ಹುಡಿಯಾಗಿತ್ತು. ಉಗುರಿನಿಂದ ಕೆರೆದರೆ ಪದರವೇ ಕಳಚಿ ಬರುತ್ತಿತ್ತು.

ಕಾರು 2016ರದ್ದು. 16 ಇಂಚಿನ ಡೈಮಂಡ್ ಕಟ್ ಅಲಾಯ್, ನಾಲ್ಕು ನಟ್ಟಿನದ್ದು. ಡೈಮಂಡ್ ಕಟ್ ಅಂದರೆ ಪೇಂಟ್ ಆದ ಚಕ್ರವನ್ನು ಲೇಥಿಗೆ ಕಟ್ಟಿ, ಮುಖವನ್ನು ತೆಳ್ಳಗೆ ಸವರಿ, ಹೊಳೆಯುವ ಬರಿ ಲೋಹದ ಮೇಲೆ ಕ್ಲಿಯರ್ ಲ್ಯಾಕರ್ ಮಾತ್ರ ಹೊಡೆದದ್ದು. ನೋಡಲು ಚಂದವೇ. ಆದರೆ ಆ ಲ್ಯಾಕರಿಗೆ ಒಂದು ಜಲ್ಲಿಕಲ್ಲು ತಾಗಿದರೂ ಸಾಕು, ಉಪ್ಪುನೀರು ಅಲ್ಲಿಂದ ಒಳಹೊಕ್ಕು, ಗೆದ್ದಲು ಗೋಡೆಯ ಮೇಲೆ ಮಣ್ಣಿನ ದಾರಿ ಕಟ್ಟಿದ ಹಾಗೆ ಎಳೆಎಳೆಯಾಗಿ ಹರಡುತ್ತದೆ. ಫಿಲಿಫಾರ್ಮ್ ಕೊರೋಶನ್ ಅನ್ನುವುದು ಇದನ್ನೇ. ನಮ್ಮ ಮನೆ ಇರುವುದು ಸುರತ್ಕಲ್ಲಿನಲ್ಲಿ, ಕಡಲಿಗೆ ಹತ್ತಿರ. ಮಧ್ಯಾಹ್ನ ಕಳೆದು ಬೀಸುವ ಗಾಳಿಗೆ ಕಿಟಕಿ ಸರಳುಗಳೇ ವರ್ಷಕ್ಕೊಮ್ಮೆ ಪೇಂಟ್ ಕೇಳುತ್ತವೆ. ಕಾರಿನ ಚಕ್ರ ಎಷ್ಟು ತಾಳೀತು?

ಹೊಸ ಚಕ್ರ ಕೇಳಿದಾಗ ಒಂದಕ್ಕೆ 11,000 ರೂಪಾಯಿ ಅಂದರು. ಮತ್ತೊಮ್ಮೆ ಡೈಮಂಡ್ ಕಟ್ ಮಾಡಿಸಬಹುದಿತ್ತು. ಆದರೆ ಅದರಲ್ಲಿ ಲೋಹ ಇನ್ನಷ್ಟು ಸವೆಯುತ್ತದೆ, ಮೇಲೆ ಮತ್ತದೇ ತೆಳು ಲ್ಯಾಕರ್. ಹಾಗಾಗಿ ಹೊಳೆಯುವ ಮುಖದ ಆಸೆ ಬಿಟ್ಟು, ಇಡೀ ಚಕ್ರಕ್ಕೆ ಒಂದೇ ಬಣ್ಣದ ಪೌಡರ್ ಕೋಟ್ ಮಾಡುವುದೆಂದು ತೀರ್ಮಾನಿಸಿದೆ. ಪೌಡರ್ ಕೋಟ್ ಅಂದರೆ ಬಣ್ಣದ ಒಣ ಹುಡಿಗೆ ಗನ್ನಿನಲ್ಲಿ ವಿದ್ಯುತ್ ಚಾರ್ಜ್ ಕೊಟ್ಟು ಲೋಹಕ್ಕೆ ಹಿಡಿಸಿ, ಒಲೆಯಲ್ಲಿ 200 ಡಿಗ್ರಿಯಷ್ಟು ಶಾಖದಲ್ಲಿ ಬೇಯಿಸುವುದು. ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಸ್ನೇಹಿತನ ಘಟಕ ಉಂಟು, ಅಲ್ಯೂಮಿನಿಯಂ ಕಿಟಕಿ ಸೆಕ್ಷನ್ನುಗಳಿಗೂ ಗೇಟುಗಳಿಗೂ ಕೋಟಿಂಗ್ ಮಾಡುವುದು. ಭಾನುವಾರ ಒಲೆ ಖಾಲಿ ಇರುವಾಗ ನನಗೆ ಬಿಟ್ಟುಕೊಡಲು ಒಪ್ಪಿದ.

ಇದನ್ನು ವಿವರವಾಗಿ ಬರೆದಿಡಲು ಒಂದು ಕಾರಣ ಉಂಟು. ಕರಾವಳಿಯಲ್ಲಿ ಕೋಟಿಂಗ್ ಬಾಳುತ್ತದೋ ಇಲ್ಲವೋ ಎನ್ನುವುದು ಗನ್ ಕೈಗೆತ್ತಿಕೊಳ್ಳುವ ಮೊದಲೇ ನಿಶ್ಚಯವಾಗಿರುತ್ತದೆ. ಹುಡಿ ಯಾವ ಕಂಪನಿಯದ್ದು, ಬಣ್ಣ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಯಾವ ನೀರಿನಲ್ಲಿ ತೊಳೆದಿರಿ ಎಂದು ಯಾರೂ ಕೇಳುವುದಿಲ್ಲ.

ಹಂತ 1: ನವೆಂಬರ್, ಅಳತೆ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ತೇವಕ್ಕೆ ಹುಡಿ ಗಂಟು ಕಟ್ಟುತ್ತದೆ, ಗನ್ ಉಗುಳುತ್ತದೆ, ಬ್ಲಾಸ್ಟ್ ಮಾಡಿದ (ಗಾಳಿಯ ಒತ್ತಡದಲ್ಲಿ ಗಟ್ಟಿ ಹರಳು ಹೊಡೆದು ಶುದ್ಧ ಮಾಡಿದ) ಬರಿ ಲೋಹ ತೇವ ಹಿಡಿದು ಮಂಕಾಗುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಶುರುಮಾಡಿದೆ.

ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಹಬ್ಬಿಗೆ (ಹಬ್ ಅಂದರೆ ಚಕ್ರ ಕೂರುವ ನಡುಭಾಗ) ಟಯರ್ ಇಲ್ಲದ ಚಕ್ರ ಕಟ್ಟಿ, ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ಡಯಲ್ ಗೇಜ್ ಇಟ್ಟು ತಿರುಗಿಸಿದೆ. ಮೂರು ಚಕ್ರಗಳ ಓಲಾಟ 0.4 ಮಿಮೀ ಒಳಗೇ ಇತ್ತು. ನಾಲ್ಕನೆಯದರ ಒಳ ಅಂಚಿನಲ್ಲಿ ಮುಳ್ಳು 1.3 ಮಿಮೀ ಓಡಿತು. ಹೆದ್ದಾರಿಯ ಹೊಂಡಕ್ಕೆ ಬಿದ್ದ ಪೆಟ್ಟು ಇರಬೇಕು, ಎದುರಿನಿಂದ ನೋಡಿದರೆ ಎಂತದ್ದೂ ಗೊತ್ತಾಗುತ್ತಿರಲಿಲ್ಲ. ಅದನ್ನು ಬೇರೆ ಇಟ್ಟೆ.

ಹಂತ 2: ಹಳೆಯ ಪೇಂಟ್ ತೆಗೆಯುವುದು

ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಪೇಂಟ್ ರಿಮೂವರ್ ತಂದೆ, 2 ಲೀಟರ್. ಮಿಥಿಲೀನ್ ಕ್ಲೋರೈಡ್ ಇರುವಂಥದ್ದು. ಅಂಗಳದಲ್ಲಿ, ಮರದ ನೆರಳಿನಲ್ಲಿ, ಗಾಳಿ ಆಡುವ ಕಡೆ ಮಾತ್ರ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಇದರ ಆವಿ ಪ್ರಾಣಕ್ಕೇ ಅಪಾಯ. ತೆಳು ನೈಟ್ರೈಲ್ ಗ್ಲೌಸನ್ನು ಇದು ನಿಮಿಷಗಳಲ್ಲಿ ದಾಟಿ ಚರ್ಮ ಸುಡುತ್ತದೆ, ಆದ್ದರಿಂದ ಅದಕ್ಕೆ ತಕ್ಕ ದಪ್ಪ ಗ್ಲೌಸ್ ಕೇಳಿ ತರಬೇಕು. ಬ್ರಷ್ಷಿನಲ್ಲಿ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಕ್ಲಿಯರೂ ಬೆಳ್ಳಿ ಬಣ್ಣವೂ ಸುರುಟಿ ಎದ್ದು ಬಂದವು. ಅದರ ಅಡಿಯ ಬೂದು ಪ್ರೈಮರ್ ಮಾತ್ರ ಅಲುಗಲಿಲ್ಲ. ಕಂಪನಿಯಲ್ಲಿ ಆ ಪ್ರೈಮರನ್ನೇ ಪೌಡರಿನಲ್ಲಿ ಹಾಕಿರುತ್ತಾರೆ, ಅದು ಬ್ಲಾಸ್ಟಿಂಗಿಗೇ ಹೋಗುವುದು.

ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿ, ಕಡಿಮೆ ಖರ್ಚು ಎಂದು ಸಲಹೆ ಕೊಟ್ಟವರಿದ್ದಾರೆ. ಕಬ್ಬಿಣದ ಗೇಟಿಗೆ ಸರಿ. ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ತಿಂದುಬಿಡುತ್ತದೆ, ಹೈಡ್ರೋಜನ್ ಅನಿಲ ಏಳುತ್ತದೆ. ಚಕ್ರಕ್ಕೆ ಖಂಡಿತ ಬೇಡ.

ಹಂತ 3: ಬಿರುಕು ಹುಡುಕುವುದು

ಪೇಂಟ್ ಹೋದ ಮೇಲೆಯೇ ಇದು ಸಾಧ್ಯ. ಮೂರು ಕ್ಯಾನಿನ ಡೈ ಪೆನೆಟ್ರಂಟ್ ಕಿಟ್ 1,350 ರೂಪಾಯಿ. ಕ್ಲೀನರ್ ಹೊಡೆದು ಒರೆಸಿ, ಕೆಂಪು ಡೈ ಹಚ್ಚಿ 10 ನಿಮಿಷ ಬಿಟ್ಟು, ಮತ್ತೆ ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಬಿಳಿ ಡೆವಲಪರ್ ಹೊಡೆಯುವುದು. ಕ್ಲೀನರನ್ನು ನೇರ ಚಕ್ರದ ಮೇಲೆ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ, ಬಟ್ಟೆಗೇ ಹಾಕಬೇಕು.

ಓಲಾಡುತ್ತಿದ್ದ ನಾಲ್ಕನೆಯ ಚಕ್ರದ ಒಳಬದಿಯಲ್ಲಿ, ಅಂಚಿನಿಂದ ಒಳಗೆ, ಬಿಳಿಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿತು. 35 ಮಿಮೀ ಉದ್ದ. ಬೆರಳಾಡಿಸಿದರೆ ಗೊತ್ತಾಗದು, ಕಣ್ಣಿಗೂ ಮೊದಲು ಕಂಡಿರಲಿಲ್ಲ. ವೆಲ್ಡ್ ಮಾಡಿ ಮೇಲೆ ಕೋಟಿಂಗ್ ಹಾಕಿದರೆ ಯಾರಿಗೂ ಕಾಣದು, ಅದೇ ಭಯದ ವಿಷಯ. ಈ ಚಕ್ರಗಳ ಎರಕವನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 150ರಿಂದ 170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಬಲ ತುಂಬಿರುತ್ತಾರೆ. ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಲೋಹದ ಆ ಬಲ ಹೋಗುತ್ತದೆ. ನಾನು ಅದನ್ನು ಗುಜರಿಗೆ ಹಾಕಿದೆ. ಅದೇ ಮಾದರಿಯ ಹಳೆಯ ಚಕ್ರವೊಂದು 3,500ಕ್ಕೆ ಸಿಕ್ಕಿತು. ಅದಕ್ಕೂ ಡಯಲ್ ಗೇಜು, ಡೈ ಎರಡೂ ಆಯಿತು.

ಪುಟ್‌ಪಾತಿಗೆ ಉಜ್ಜಿದ ಗಾಯಗಳನ್ನು ಅರದಿಂದ ಸವರಿ, 80, 120, 180 ನಂಬರಿನ ಮರಳುಕಾಗದದಲ್ಲಿ ತಿಕ್ಕಿ ಸಮ ಮಾಡಿದೆ. ಸಾಮಾನ್ಯ ಬಾಡಿ ಪುಟ್ಟಿ ಬಳಸಲು ಆಗುವುದಿಲ್ಲ, 200 ಡಿಗ್ರಿಗೆ ಅದು ನಿಲ್ಲದು. ಒಂದೆರಡು ಕಡೆ ಆಳದ ಗೀರು ಹಾಗೆಯೇ ಉಳಿಯಿತು. ಉಳಿಯಲಿ.

ಹಂತ 4: ಬ್ಲಾಸ್ಟಿಂಗ್

ಬೈಕಂಪಾಡಿ, ಪಣಂಬೂರು ಸುತ್ತಮುತ್ತ ಬ್ಲಾಸ್ಟಿಂಗ್ ಮಾಡುವವರು ಇದ್ದಾರೆ. ಹೆಚ್ಚಿನ ಕೆಲಸ ಕಬ್ಬಿಣದ್ದು: ಟ್ಯಾಂಕು, ಪೈಪು, ಬೋಟಿನ ಭಾಗ. ಅದಕ್ಕೆ ಬಳಸುವುದು ಸ್ಟೀಲ್ ಗ್ರಿಟ್ ಅಥವಾ ತಾಮ್ರದ ಸ್ಲ್ಯಾಗ್. ಅಲ್ಯೂಮಿನಿಯಂ ಮೆದು. ಸ್ಟೀಲ್ ಗ್ರಿಟ್ ಹೊಡೆದರೆ ಕಬ್ಬಿಣದ ಕಣಗಳು ಲೋಹದೊಳಗೆ ಹೂತುಹೋಗುತ್ತವೆ, ಮುಂದೆ ಕೋಟಿಂಗಿನ ಅಡಿಯಲ್ಲಿ ಒಂದೊಂದು ಕಣವೂ ತುಕ್ಕಿನ ಮೂಲ. ಆದ್ದರಿಂದ ನನ್ನದೇ ಅಲ್ಯೂಮಿನಿಯಂ ಆಕ್ಸೈಡ್ ಚೀಲ ಕೊಂಡುಹೋದೆ, 100 ನಂಬರಿನದ್ದು, 25 ಕೆಜಿಗೆ 2,400 ರೂಪಾಯಿ. ಬ್ಲಾಸ್ಟಿಂಗ್ ಯಂತ್ರದ ಪಾಟಿನಲ್ಲಿ ಉಳಿದಿದ್ದ ಹಳೆಯದನ್ನು ಪೂರ್ತಿ ಖಾಲಿ ಮಾಡಿಸಿ, ಹೋಸ್ ಊದಿಸಿ, ಆಮೇಲೆ ನನ್ನದು ತುಂಬಿಸಿದೆ. ಒತ್ತಡ 3.5 ಬಾರ್. ನಾಜಲನ್ನು ಒಂದೇ ಕಡೆ ಹಿಡಿಯಬಾರದು.

ಬೀಡ್ ಕೂರುವ ಜಾಗದಲ್ಲಿ ಬಿಳಿ ಹುಡಿ ಹೋಗಿ, ಅಡಿಯಲ್ಲಿ ಕಪ್ಪು ಚುಕ್ಕೆಗಳು ಕಂಡವು, ಲೋಹದೊಳಗಿನ ಕೊರೆತ. ಅವು ಮಾಯವಾಗಿ ಬೆಳ್ಳಗಾಗುವ ತನಕ ಹೊಡೆಸಿದೆ. ಆ ಚುಕ್ಕೆಗಳಲ್ಲೇ ಉಪ್ಪು ಅಡಗಿರುತ್ತದೆ. ಅಲ್ಲಿಂದಾಚೆ ಬರಿಗೈಯಲ್ಲಿ ಚಕ್ರ ಮುಟ್ಟಲಿಲ್ಲ.

ಹಂತ 5: ತೊಳೆಯುವುದು

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ನಿಧಾನವಾಗಿ ಬರೆಯುತ್ತೇನೆ.

ಮೊದಲು ಫಾಸ್ಫಾರಿಕ್ ಆಮ್ಲದ ಕ್ಲೀನರಿನಲ್ಲಿ ಎಣ್ಣೆ, ಧೂಳು ತೆಗೆದು, ನೀರಿನಲ್ಲಿ ತೊಳೆದು, ಜಿರ್ಕೋನಿಯಂ ಕನ್ವರ್ಶನ್ ದ್ರಾವಣಕ್ಕೆ ಅದ್ದಿ, ಮತ್ತೆ ತೊಳೆಯುವುದು. ಕಿಟಕಿ ಸೆಕ್ಷನ್ನಿಗೆ ಸ್ನೇಹಿತನ ಘಟಕದಲ್ಲಿ ದಿನವೂ ಮಾಡುವುದು ಇದನ್ನೇ, ತೊಟ್ಟಿಗಳು ಸಿದ್ಧ ಇದ್ದವು. ಆ ದ್ರಾವಣದಿಂದ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಕಟ್ಟುತ್ತದೆ. ಪ್ರೈಮರ್ ಗಟ್ಟಿಯಾಗಿ ಹಿಡಿಯುವುದು ಅದರಿಂದ, ಎಲ್ಲಾದರೂ ಕೋಟಿಂಗ್ ಕಿತ್ತರೂ ಅಡಿಯಲ್ಲಿ ತುಕ್ಕು ಹರಡದಂತೆ ತಡೆಯುವುದೂ ಅದೇ.

ಪ್ರಶ್ನೆ ಇರುವುದು ಕೊನೆಯ ತೊಳೆತದ ನೀರಿನಲ್ಲಿ. ಅಲ್ಲಿನ ಬೋರ್‌ವೆಲ್ ನೀರಿಗೆ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವುದು) ಅದ್ದಿದರೆ 410 ಪಿಪಿಎಮ್, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 410 ಪಾಲು, ತೋರಿಸಿತು. ಆ ನೀರಿನಲ್ಲೇ ತೊಳೆದು ಒಣಗಿಸಿದರೆ ನೀರು ಆವಿಯಾಗಿ ಉಪ್ಪು ಮಾತ್ರ ಲೋಹದ ಮೇಲೆ ಕೂರುತ್ತದೆ. ಮೇಲೆ ಎಷ್ಟೇ ಒಳ್ಳೆಯ ಹುಡಿ ಹಾಕಿದರೂ ಉಪ್ಪಿನ ಮೇಲೇ ಹಾಕಿದ ಹಾಗಾಯಿತು. ಮುಂದೆ ತೇವ ಕೋಟಿಂಗಿನ ಮೂಲಕ ಸೂಕ್ಷ್ಮವಾಗಿ ಒಳಗಿಳಿದಾಗ ಆ ಉಪ್ಪು ಅದನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕಟ್ಟಡದ ಅಲ್ಯೂಮಿನಿಯಮ್ಮಿಗೆ ಇರುವ ಕ್ವಾಲಿಕೋಟ್ ಮಾನದಂಡ, ಕೋಟಿಂಗಿಗೆ ಮೊದಲು ತುಂಡಿನಿಂದ ತೊಟ್ಟಿಕ್ಕುವ ನೀರಿನ ವಾಹಕತೆ (ವಿದ್ಯುತ್ ಹರಿಸುವ ಗುಣ, ಉಪ್ಪು ಹೆಚ್ಚಿದಷ್ಟೂ ಹೆಚ್ಚುವುದು) 20 ಡಿಗ್ರಿ ಶಾಖದಲ್ಲಿ ಸೆಂಟಿಮೀಟರಿಗೆ 30 ಮೈಕ್ರೋಸೀಮೆನ್ಸ್ ದಾಟಬಾರದು ಎನ್ನುತ್ತದೆ. ಅಗ್ಗದ ಪೆನ್ನಿನಲ್ಲಿ ಅದು ಸುಮಾರು 15 ಪಿಪಿಎಮ್. ನಮ್ಮ 410 ಎಲ್ಲಿ, ಆ 15 ಎಲ್ಲಿ!

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು 20 ಲೀಟರ್ ತಂದೆ, 500 ರೂಪಾಯಿ. ಪೆನ್ನಿನಲ್ಲಿ 4 ತೋರಿಸಿತು. ಗಿಡಗಳಿಗೆ ಮದ್ದು ಹೊಡೆಯುವ ಹೊಸ ಕೈಪಂಪಿಗೆ ತುಂಬಿ, ಚಕ್ರ ನೇತುಹಾಕಿ, ಮೇಲಿನಿಂದ ಕೆಳಗೆ ಹೊಡೆಯುತ್ತ ಬಂದೆ. ಕೆಳಗೆ ಸ್ಟೀಲ್ ಲೋಟ ಹಿಡಿದು ತೊಟ್ಟಿಕ್ಕುವ ನೀರಿಗೆ ಪೆನ್ ಅದ್ದುತ್ತ ಹೋದರೆ ಮೊದಲು 180, ಆಮೇಲೆ 60, 25, ಕೊನೆಗೆ 11. ಅಲ್ಲಿಗೆ ನಿಲ್ಲಿಸಿದೆ. ನಟ್ಟಿನ ತೂತು, ಕಡ್ಡಿಗಳ (ಚಕ್ರದ ಸ್ಪೋಕುಗಳ) ಹಿಂಬದಿಯ ಗುಳಿ, ಈ ಜಾಗಗಳಲ್ಲಿ ಹಳೆಯ ನೀರು ನಿಂತಿರುತ್ತದೆ. ಚಕ್ರವನ್ನು ಅಡಿಮೇಲು ತಿರುಗಿಸಿ ಮತ್ತೊಮ್ಮೆ ಹೊಡೆದಾಗ ಲೋಟದಲ್ಲಿ ಪುನಃ 70 ಬಂತು. ತಿರುಗಿಸದೆ ಇದ್ದಿದ್ದರೆ ಅಷ್ಟೂ ಉಪ್ಪು ಒಳಗೇ ಉಳಿಯುತ್ತಿತ್ತು.

ಇದೇ ಹೊತ್ತಿಗೆ ಇನ್ನೊಂದನ್ನು ಗಮನಿಸಬೇಕು. ಶುದ್ಧವಾದ ಲೋಹದ ಮೇಲೆ ನೀರು ಒಂದೇ ಹಾಳೆಯಾಗಿ ಹರಿಯುತ್ತದೆ. ಎಲ್ಲಿ ಒಡೆದು ಹನಿಹನಿಯಾಗಿ ನಿಲ್ಲುತ್ತದೋ ಅಲ್ಲಿ ಎಣ್ಣೆ ಉಂಟು ಎಂದರ್ಥ. ಒಂದು ಚಕ್ರದ ಹಬ್ಬಿನ ಬಳಿ ಅಂಗೈಯಗಲ ಜಾಗದಲ್ಲಿ ನೀರು ಒಡೆಯುತ್ತಿತ್ತು, ಗ್ರೀಸು. ಅದನ್ನು ಮತ್ತೆ ಕ್ಲೀನರಿಗೆ ಕಳಿಸಿದೆ.

ಹಂತ 6: ಖಾಲಿ ಕಾಯಿಸುವಿಕೆ, ಮೊದಲ ಚಕ್ರ ಕೆಟ್ಟದ್ದು

ಎರಕದ ಅಲ್ಯೂಮಿನಿಯಮ್ಮಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳಲ್ಲಿ ಗಾಳಿ, ಎಣ್ಣೆ, ತೇವ ಸೇರಿಕೊಂಡಿರುತ್ತವೆ. ಕೋಟಿಂಗ್ ಕರಗಿ ಹರಿಯುವ ಹೊತ್ತಿಗೆ ಅವು ಹೊರಗೆ ಬಂದರೆ ಸೂಜಿತೂತುಗಳಾಗುತ್ತವೆ. ಆದ್ದರಿಂದ ಹುಡಿ ಹಾಕುವ ಮೊದಲು ಬರಿ ಚಕ್ರವನ್ನೇ ಒಮ್ಮೆ ಕಾಯಿಸಿ ಅವನ್ನು ಓಡಿಸಬೇಕು.

ಪರೀಕ್ಷೆಗೆಂದು ಒಂದೇ ಚಕ್ರ ಒಲೆಗೆ ಹೋಯಿತು. ಒಲೆಯ ಮೀಟರ್ 200 ತೋರಿಸಿದ ಮೇಲೆ 20 ನಿಮಿಷ, ಕಿಟಕಿ ಸೆಕ್ಷನ್ನಿಗೆ ಇಡುವ ಲೆಕ್ಕವೇ. ತಣಿಸಿ, ಪ್ರೈಮರ್ ಹಾಕಿ, ಬೇಯಿಸಿ ಹೊರತೆಗೆದರೆ ಕಡ್ಡಿಗಳು ಹಬ್ಬಿಗೆ ಸೇರುವ ದಪ್ಪ ಮೂಲೆಗಳಲ್ಲೆಲ್ಲ ಸೂಜಿಯಿಂದ ಚುಚ್ಚಿದಂಥ ತೂತುಗಳು. ಟಾರ್ಚ್ ಓರೆಯಾಗಿ ಹಿಡಿದರೆ ಒಂದೊಂದರ ಸುತ್ತಲೂ ಸಣ್ಣ ದಿಬ್ಬ, ನಡುವೆ ಬರಿ ಲೋಹ ಮಿನುಗುತ್ತಿತ್ತು. ಹೊರಗಿನ ತೆಳು ಅಂಚು ಮಾತ್ರ ಚೆನ್ನಾಗಿತ್ತು.

ಕಾರಣ ತಿಳಿದದ್ದು ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಕಟ್ಟಿದಾಗ. ಕೆ ಟೈಪ್ ವಯರಿನ ತುದಿಯನ್ನು ವಾಷರಿನಡಿ ಇಟ್ಟು ನಟ್ಟಿನ ತೂತಿಗೆ ಬೋಲ್ಟ್ ಮಾಡಿ, ಇನ್ನೊಂದನ್ನು ಗಾಳಿಯಲ್ಲಿ ತೂಗುಬಿಟ್ಟೆ. ಗಾಳಿ 200 ಮುಟ್ಟಿ 20 ನಿಮಿಷ ಕಳೆದರೂ ಹಬ್ಬಿನ ಲೋಹ 165ರಲ್ಲೇ ಇತ್ತು. 200 ಮುಟ್ಟಲು 32 ನಿಮಿಷ ಬೇಕಾಯಿತು. ಒಂದೂವರೆ ಮಿಮೀ ದಪ್ಪದ ಕಿಟಕಿ ಸೆಕ್ಷನ್ ಕೆಲವೇ ನಿಮಿಷದಲ್ಲಿ ಒಲೆಯಷ್ಟೇ ಬಿಸಿಯಾಗುತ್ತದೆ, 9 ಕೆಜಿಯ ಎರಕ ಆಗುವುದಿಲ್ಲ. ಹುಡಿಯ ಡಬ್ಬದ ಮೇಲೆ ಬರೆದ 200 ಡಿಗ್ರಿ, 10 ನಿಮಿಷ ಎನ್ನುವುದು ಲೋಹದ ಶಾಖದ ಲೆಕ್ಕ, ಒಲೆಯ ಗಾಳಿಯದ್ದಲ್ಲ. ಚಕ್ರ ಮಾಡಿಸಲು ಎಲ್ಲೇ ಕೊಟ್ಟರೂ ಲೋಹದ ಶಾಖ ಅಳೆಯುತ್ತೀರಾ ಎಂದು ಮೊದಲು ಕೇಳಿ. ಆ ಒಂದು ಉತ್ತರದಲ್ಲಿ ಅವರ ಕೆಲಸ ಗೊತ್ತಾಗುತ್ತದೆ.

ಹಾಗೆಂದು ಗಂಟೆಗಟ್ಟಲೆ ಬೇಯಿಸುವಂತಿಲ್ಲ. ಚಕ್ರದ ಬಲ ತುಂಬಿದ್ದೇ 150–170 ಡಿಗ್ರಿಯಲ್ಲಿ, ಅದಕ್ಕಿಂತ ಮೇಲಿನ ಶಾಖದಲ್ಲಿ ಕಳೆಯುವ ಪ್ರತಿ ನಿಮಿಷವೂ ಆ ಬಲವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತದೆ. ಹಾಗಾಗಿ ಒಲೆಗೆ ಹೋಗುವುದನ್ನೇ ಕಡಿಮೆ ಮಾಡಿದೆ: ಖಾಲಿ ಕಾಯಿಸುವಿಕೆಯಲ್ಲಿ ಲೋಹ 200 ಮುಟ್ಟಿದ ಮೇಲೆ 10 ನಿಮಿಷ, ಪ್ರೈಮರ್ ಅರೆಬೇಯಿಸುವುದು, ಬಣ್ಣ ಪೂರ್ತಿ ಬೇಯಿಸುವುದು. ಮೇಲೊಂದು ಕ್ಲಿಯರ್ ಕೋಟ್ ಹಾಕುವ ಯೋಚನೆಯನ್ನು ಇದೇ ಕಾರಣಕ್ಕೆ ಬಿಟ್ಟೆ.

ಕೆಟ್ಟ ಚಕ್ರಕ್ಕೆ ಮತ್ತೆ ರಿಮೂವರ್, ಮತ್ತೆ ಬ್ಲಾಸ್ಟಿಂಗ್, ಮತ್ತೆ ತೊಳೆಯುವುದು. ಪ್ರೈಮರ್ ಎಪಾಕ್ಸಿಯದ್ದು, ಬೆಂದ ಎಪಾಕ್ಸಿ ಬಹಳ ಹಟಮಾರಿ.

ಹಂತ 7: ಡಿಸೆಂಬರ್, ಮುಚ್ಚುವುದು ಮತ್ತು ಹುಡಿ ಆರಿಸುವುದು

ನಟ್ಟುಗಳು ಕೂರುವ ಶಂಕುವಿನಾಕಾರದ ಜಾಗದಲ್ಲಿ ಹುಡಿ ಬೀಳಲೇಬಾರದು. ಅಲ್ಲಿ ಕೋಟಿಂಗ್ ಇದ್ದರೆ ಟಾರ್ಕ್ ಕೊಟ್ಟಾಗ (ಅಳತೆಯ ಬಲದಲ್ಲಿ ನಟ್ ತಿರುಗಿಸಿದಾಗ) ಬಿಗಿಯಾದಂತೆ ತೋರುತ್ತದೆ, ನಾಲ್ಕು ದಿನ ಓಡಿಸಿದ ಮೇಲೆ ಪದರ ಹಿಂಡಿಹೋಗಿ ನಟ್ ಸಡಿಲವಾಗುತ್ತದೆ. ಚಂದಕ್ಕೆಂದು ಅಲ್ಲಿಗೂ ಬಣ್ಣ ಹಾಕಿದ ಚಕ್ರಗಳನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಿಸಬೇಡಿ. ನಟ್ಟಿನ ತೂತಿಗೆ, ವಾಲ್ವಿನ ತೂತಿಗೆ ಸಿಲಿಕೋನ್ ಬಿರಡೆ. ಹಬ್ಬಿಗೆ ತಾಗುವ ಹಿಂಬದಿಯ ಮುಖಕ್ಕೆ, ನಡುವಿನ ತೂತಿಗೆ ಹಸಿರು ಪಾಲಿಯೆಸ್ಟರ್ ಟೇಪು. ಎರಡೂ ಸೇರಿ 1,150. ಬ್ರೌನ್ ಮಾಸ್ಕಿಂಗ್ ಟೇಪು ಒಲೆಯಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ.

ಘಟಕದಲ್ಲಿ ಗೇಟುಗಳಿಗೆ ಬಳಸುವ ಜಿಂಕ್ ಪ್ರೈಮರ್ ಇತ್ತು. ಅದು ಕಬ್ಬಿಣಕ್ಕೆ ಹೇಳಿದ್ದು, ಅಲ್ಯೂಮಿನಿಯಮ್ಮಿಗಲ್ಲ. ಎರಕಕ್ಕೆಂದೇ ಬರುವ, ಗಾಳಿ ಹೊರಬಿಡುವ ಗುಣದ ಎಪಾಕ್ಸಿ ಪ್ರೈಮರ್ ತರಿಸಿದೆ, ಒಂದೂವರೆ ಕೆಜಿ. ಎಪಾಕ್ಸಿ ತುಕ್ಕು ತಡೆಯಲು ಗಟ್ಟಿ, ಆದರೆ ಬಿಸಿಲಿಗೆ ಸುಣ್ಣದಂತೆ ಮಂಕಾಗುತ್ತದೆ, ಆದ್ದರಿಂದ ಮೇಲೆ ಪಾಲಿಯೆಸ್ಟರ್ ಬೇಕೇ ಬೇಕು. ಬಣ್ಣ ಆರ್‌ಎಎಲ್ ಬಣ್ಣಪಟ್ಟಿಯ 7016, ಆಂಥ್ರಾಸೈಟ್ ಗ್ರೇ, ಅರೆಹೊಳಪು. ಮನೆಯವರಿಗೆ ಬೆಳ್ಳಿ ಮೆಟಾಲಿಕ್ ಇಷ್ಟ ಇತ್ತು. ಮೆಟಾಲಿಕ್ ಹುಡಿಯಲ್ಲಿರುವುದು ಅಲ್ಯೂಮಿನಿಯಂ ಚೂರುಗಳೇ, ಮೇಲೆ ಕ್ಲಿಯರ್ ಇಲ್ಲದಿದ್ದರೆ ಉಪ್ಪಿಗೆ ಅವೇ ಕಪ್ಪಾಗುತ್ತವೆ. ಕ್ಲಿಯರ್ ಅಂದರೆ ಮತ್ತೊಮ್ಮೆ ಒಲೆ. ಒಣ ಬೂದು ಬಣ್ಣಕ್ಕೇ ಒಪ್ಪಿಸಿದೆ.

ಹಂತ 8: ಹುಡಿ ಹಾಕುವುದು

ಬೆಳಿಗ್ಗೆ ಒಂಬತ್ತರ ಮೇಲೆ, ಇಬ್ಬನಿ ಆರಿದ ಬಳಿಕ ಶುರು. ಕಂಪ್ರೆಸರಿನ ಅಡಿಯ ನಲ್ಲಿ ತಿರುಗಿಸಿದಾಗ ಡಿಸೆಂಬರಿನಲ್ಲೂ ಒಂದು ಲೋಟ ನೀರು ಬಂತು. ಡ್ರೈಯರ್ ಇಲ್ಲದೆ ಈ ಊರಿನಲ್ಲಿ ಗನ್ ಹಿಡಿಯಬಾರದು. ಹಿಂದಿನ ದಿನದ ಬಿಳಿ ಹುಡಿ, ಹುಡಿ ಹೊಡೆಯುವ ಬೂತಿನಲ್ಲಿ ಉಳಿದಿತ್ತು, ಗನ್, ಹೋಸ್, ಬೂತು ಮೂರನ್ನೂ ಊದಿ ಒರೆಸಿದೆವು. ಬೂತಿನ ಅಡಿಯಲ್ಲಿ ಬಿದ್ದ ಹುಡಿಯನ್ನು ಮತ್ತೆ ಬಳಸಲಿಲ್ಲ.

ಚಕ್ರ ತೂಗುವ ಕೊಕ್ಕೆಗೆ ಹಳೆಯ ಹುಡಿ ಬೆಂದು ದಪ್ಪ ಪದರ ಕಟ್ಟಿತ್ತು. ಅದರಲ್ಲೇ ತೂಗಿದರೆ ಅರ್ಥಿಂಗ್ ಸಿಗದೆ ಹುಡಿ ಹಿಡಿಯುವುದಿಲ್ಲ. ಕೊಕ್ಕೆಗಳನ್ನು ಬರಿ ಲೋಹಕ್ಕೆ ತಿಕ್ಕಿದೆ.

ಕಡ್ಡಿಗಳ ನಡುವಿನ ಗುಳಿಗಳೇ ಕಷ್ಟ. ವಿದ್ಯುತ್ ಗೆರೆಗಳು ಅಂಚಿಗೇ ಹೋಗುತ್ತವೆ, ಹುಡಿಯೂ ಅಲ್ಲೇ ಕೂರುತ್ತದೆ, ಗುಳಿಯ ತಳ ಬರಿದಾಗಿ ಉಳಿಯುತ್ತದೆ. ಗನ್ನನ್ನು 40 ಕಿಲೋವೋಲ್ಟಿಗೆ ಇಳಿಸಿ, ಗಾಳಿಯನ್ನೂ ಕಡಿಮೆ ಮಾಡಿ ಮೊದಲು ಗುಳಿಗಳನ್ನು ಮುಗಿಸಿದೆ. ಆಮೇಲೆ 70ಕ್ಕೆ ಏರಿಸಿ ಮುಖ ಮತ್ತು ಬ್ಯಾರಲ್ (ಟಯರ್ ಸುತ್ತಿ ಕೂರುವ ಉರುಟು ಭಾಗ). ಈ ಕ್ರಮ ತಿರುಗುಮುರುಗಾದರೆ ಅಂಚುಗಳಲ್ಲಿ ದಪ್ಪವಾಗಿ, ಕಿತ್ತಳೆ ಸಿಪ್ಪೆಯ ಮೇಲ್ಮೈ ಬರುತ್ತದೆ.

ಪ್ರೈಮರನ್ನು ಪೂರ್ತಿ ಬೇಯಿಸದೆ, ಹರಿದು ಗಟ್ಟಿಯಾದ ಕೂಡಲೇ ಹೊರತೆಗೆದೆವು. ಎಪಾಕ್ಸಿ ಪೂರ್ತಿ ಬೆಂದುಬಿಟ್ಟರೆ ಮೇಲಿನ ಬಣ್ಣ ಅದಕ್ಕೆ ಸರಿಯಾಗಿ ಬೆಸೆಯುವುದಿಲ್ಲ. ಈ ಬಾರಿ ಟಾರ್ಚ್ ಹಿಡಿದು ಎಷ್ಟು ಹುಡುಕಿದರೂ ಸೂಜಿತೂತು ಇಲ್ಲ. ಬೀಡ್ ಕೂರುವ ಜಾಗಕ್ಕೆ ಪ್ರೈಮರ್ ಮಾತ್ರ ಸಾಕೆಂದು ಅಲ್ಲಿ ಟೇಪು ಸುತ್ತಿ, ಉಳಿದೆಡೆ ಬಣ್ಣ ಹಾಕಿದೆ. ಲೋಹ 200 ಮುಟ್ಟಿದ ಮೇಲೆ 10 ನಿಮಿಷ. ಟೇಪನ್ನು ಕೈ ತಾಳುವಷ್ಟು ಬಿಸಿ ಇರುವಾಗಲೇ ಎಳೆದರೆ ಅಂಚು ನೇರವಾಗಿ ಬಿಡುತ್ತದೆ, ತಣಿದ ಮೇಲೆ ಎಳೆದಲ್ಲಿ ಸಣ್ಣಗೆ ಹರಿದಿತ್ತು.

ಒಂದು ಬಿರಡೆ ಒಲೆಯಲ್ಲಿ ಜಾರಿ ನಟ್ಟಿನ ಶಂಕುವಿನ ಮೇಲೆ ಬಣ್ಣ ಹರಿದಿತ್ತು. ಡ್ರಿಲ್ ಹಾಕಲಿಲ್ಲ, ಶಂಕುವಿನ ಆಕಾರವೇ ಕೆಡುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ರಿಮೂವರ್ ಹಚ್ಚಿ, ಹಿತ್ತಾಳೆ ತುಂಡಿನಿಂದ ನಿಧಾನವಾಗಿ ಕೆರೆದೆ.

ಹಂತ 9: ಪರೀಕ್ಷೆ

ಗೇಟುಗಳಿಗೆ ಬಳಸುವ ದಪ್ಪದ ಗೇಜು ಅಯಸ್ಕಾಂತದ್ದು, ಅಲ್ಯೂಮಿನಿಯಮ್ಮಿನ ಮೇಲೆ ಓದುವುದಿಲ್ಲ, ಎಡ್ಡಿ ಕರೆಂಟ್ ಗೇಜು ಬೇಕು. ಕಡ್ಡಿಯ ಮುಖದಲ್ಲಿ ಎರಡೂ ಪದರ ಸೇರಿ 120ರಿಂದ 135 ಮೈಕ್ರಾನ್, ಗುಳಿಯ ತಳದಲ್ಲಿ 85, ಬೀಡಿನ ಜಾಗದಲ್ಲಿ 55. ಗುಳಿಗೆ ಇನ್ನೂ ಸ್ವಲ್ಪ ಬೇಕಿತ್ತು. ಒಳಬದಿಯಲ್ಲಿ ಬ್ಲೇಡಿನಿಂದ ಚೌಕಗಳನ್ನು ಕೊರೆದು ಟೇಪು ಅಂಟಿಸಿ ಕಿತ್ತರೆ ಒಂದು ಚೂರೂ ಬರಲಿಲ್ಲ. ಬಟ್ಟೆಗೆ ಎಂಇಕೆ ಎಂಬ ದ್ರಾವಕ ಹಾಕಿ ಉಜ್ಜಿದಾಗ ಬಣ್ಣ ಮೆತ್ತಗಾಗಲಿಲ್ಲ, ಚೆನ್ನಾಗಿ ಬೆಂದಿದೆ ಎಂದರ್ಥ. ಚೌಕ ಕೊರೆದ ಜಾಗಕ್ಕೆ ಎಪಾಕ್ಸಿ ಹಚ್ಚಿ ಮುಚ್ಚಿದೆ.

ಹಂತ 10: ಜೋಡಣೆ

ಟಯರ್ ಅಂಗಡಿಯವರಿಗೆ ಮೊದಲೇ ಎರಡು ಮಾತು ಹೇಳಿದ್ದೆ: ಯಂತ್ರದ ಹಲ್ಲುಗಳಿಗೆ ಪ್ಲಾಸ್ಟಿಕ್ ಕವಚ ಹಾಕಬೇಕು, ಬ್ಯಾಲೆನ್ಸ್ ಮಾಡಲು ಅಂಚಿಗೆ ಬಡಿದು ಕೂರಿಸುವ ತೂಕದ ತುಂಡು ಬೇಡ, ಒಳಗೆ ಅಂಟಿಸುವ ತೂಕವೇ ಬೇಕು. ಹಳೆಯ ಚಕ್ರಗಳಲ್ಲಿ ತುಕ್ಕಿನ ಎಳೆಗಳಲ್ಲಿ ಬಹುಪಾಲು ಹೊರಟದ್ದು ಬಡಿದ ತೂಕದ ಕ್ಲಿಪ್ಪಿನ ಅಡಿಯಿಂದಲೇ.

ಕಾರಿನ ಹಬ್ಬಿನ ತುಕ್ಕನ್ನು ತಂತಿಬ್ರಷ್ಷಿನಲ್ಲಿ ತಿಕ್ಕಿ, ನಡುವಿನ ಉಬ್ಬಿಗೆ ಮಾತ್ರ ಆ್ಯಂಟಿಸೀಜ್ ಪೇಸ್ಟ್ ತೆಳ್ಳಗೆ ಸವರಿದೆ. ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಪ್ಪುನೀರಿನಲ್ಲಿ ತಾಗಿಕೊಂಡರೆ ಒಂದಕ್ಕೊಂದು ಕಚ್ಚಿ ಹಿಡಿಯುತ್ತವೆ. ನಟ್ ಕೂರುವ ಸ್ಟಡ್ಡಿನ ತಿರುಪಿನ ಸುತ್ತುಗಳಿಗೆ ಎಂತದ್ದೂ ಹಚ್ಚಬಾರದು, ಟಾರ್ಕ್ ಲೆಕ್ಕ ತಪ್ಪುತ್ತದೆ. ನನ್ನ ಕಾರಿಗೆ 110 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ. ಉಡುಪಿಗೆ ಹೋಗಿ ಬಂದ ಮೇಲೆ, ಚಕ್ರ ತಣಿದಾಗ, ಪುನಃ ವ್ರೆಂಚ್ ಹಾಕಿ ನೋಡಿದೆ. ಯಾವ ನಟ್ಟೂ ತಿರುಗಲಿಲ್ಲ.

ಖರ್ಚು

ಟಯರ್ ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡಿದ್ದು 1,400. ರಿಮೂವರ್ 760, ಡೈ ಕಿಟ್ 1,350, ಹಳೆಯ ಚಕ್ರ 3,500. ಅಲ್ಯೂಮಿನಿಯಂ ಆಕ್ಸೈಡ್ 2,400, ಬ್ಲಾಸ್ಟಿಂಗ್ ಕೂಲಿ 1,200. ಡಿಸ್ಟಿಲ್ಡ್ ನೀರು 500. ಪ್ರೈಮರ್ 600, ಬಣ್ಣದ ಹುಡಿ 760, ಟೇಪು ಮತ್ತು ಬಿರಡೆ 1,150. ಒಲೆಯ ಗ್ಯಾಸು, ಕೆಲಸದವರ ಸಂಬಳ ಸೇರಿ 3,000. ವಾಲ್ವ್ 200. ಒಟ್ಟು 16,820 ರೂಪಾಯಿ. ನಾಲ್ಕು ಹೊಸ ಚಕ್ರಕ್ಕೆ 44,000 ಆಗುತ್ತಿತ್ತು. ಗೇಜುಗಳು, ಪೆನ್ನು, ಥರ್ಮೋಮೀಟರ್ ಇದ್ದವು, ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ

ಅಕ್ಟೋಬರಿನಲ್ಲಿ ನಾಲ್ಕೂ ಚಕ್ರ ಬಿಚ್ಚಿ ನೋಡಿದೆ. ಗಾಳಿ ತಿಂಗಳಿಗೆ 1 ಪಿಎಸ್‌ಐ ಇಳಿಯುತ್ತದೆ, ಅದು ಯಾವ ಟಯರಿಗೂ ಸಹಜ. ಒಳ ಬ್ಯಾರಲ್ಲಿನಲ್ಲಿ ಕೆಂಪುಮಣ್ಣು, ಬ್ರೇಕಿನ ಕರಿ, ಒರೆಸಿದರೆ ಅಡಿಯಲ್ಲಿ ಬಣ್ಣ ಸರಿಯಾಗಿಯೇ ಇತ್ತು. ಎಡ ಮುಂಚಕ್ರದ ಒಂದು ಕಡ್ಡಿಗೆ ಹೆದ್ದಾರಿಯ ಜಲ್ಲಿ ತಾಗಿ 2 ಮಿಮೀ ಅಗಲ ಕಿತ್ತಿತ್ತು. ಲೋಹ ಬಿಳುಚಿಕೊಂಡಿತ್ತು, ಆದರೆ ಸುತ್ತಲೂ ಎಳೆ ಹರಡಿರಲಿಲ್ಲ. ಉಗುರಿನಿಂದ ಅಂಚು ಎಬ್ಬಿಸಲು ನೋಡಿದೆ, ಏಳಲಿಲ್ಲ. 400ರ ಕಾಗದದಲ್ಲಿ ತಿಕ್ಕಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿ, ಅಸಿಟೋನಿನಲ್ಲಿ ಒರೆಸಿ, ಸಣ್ಣ ಬ್ರಷ್ಷಿನಲ್ಲಿ ಎಪಾಕ್ಸಿ ಪ್ರೈಮರ್, ಮರುದಿನ ಅದೇ ಬಣ್ಣದ ಟೂ ಪ್ಯಾಕ್ ಪೇಂಟ್ ಮುಟ್ಟಿಸಿದೆ. ಹತ್ತಿರ ಹೋದರೆ ಕಾಣುತ್ತದೆ.

ತಿಂಗಳಿಗೊಮ್ಮೆ ಸಾದಾ ಕಾರ್ ಶಾಂಪೂ ಹಾಕಿ ಒಳಬದಿಯನ್ನೂ ತೊಳೆಯುತ್ತೇನೆ. ಸರ್ವಿಸಿಗೆ ಕೊಡುವಾಗ ಆಮ್ಲದ ವೀಲ್ ಕ್ಲೀನರ್ ಹಾಕಬಾರದು, ತೂಕ ಅಂಟಿಸುವುದೇ ಆಗಬೇಕು ಎಂದು ಜಾಬ್ ಕಾರ್ಡಿನಲ್ಲಿ ಬರೆಸುತ್ತೇನೆ.